ಲೂಯಿ ಜಾಕ್ ತೆನಾರ್: ಗಾಯದ ಮೇಲೆ ಉಕ್ಕುವ ನೊರೆಯ ಗುಟ್ಟು ಕಂಡವನು

ಔಷಧದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಹಲವರ ಮನೆಯಲ್ಲಿರುತ್ತದೆ. ಗಾಯದ ಮೇಲೆ ಸುರಿದರೆ ಬುಸ್ಸೆಂದು ಬಿಳಿ ನೊರೆ ಏಳುತ್ತದೆ. ನೊರೆ ಬಂತೆಂದರೆ ಕ್ರಿಮಿಗಳು ಸಾಯುತ್ತಿವೆ ಎಂದರ್ಥ, ನೊರೆ ನಿಂತರೆ ಗಾಯ ಶುದ್ಧವಾಯಿತು ಎಂದರ್ಥ ಎಂಬ ನಂಬಿಕೆಯೂ ಅದರ ಜೊತೆಗೇ ಬಂದಿದೆ. ಈ ನಂಬಿಕೆ ಎಷ್ಟು ನಿಜ? ಉತ್ತರ ಬೇಕಾದರೆ ಸುಮಾರು ಇನ್ನೂರು ವರ್ಷ ಹಿಂದಕ್ಕೆ, ಪ್ಯಾರಿಸ್‌ನ ಒಂದು ಪ್ರಯೋಗಾಲಯಕ್ಕೆ ಹೋಗಬೇಕು. ಈ ದ್ರವವನ್ನು ಮೊದಲು ತಯಾರಿಸಿದವನು, ಅದು ಏಕೆ ನೊರೆಯಾಗುತ್ತದೆ ಎಂದು ಮೊದಲು ಕೇಳಿದವನು, ಲೂಯಿ ಜಾಕ್ ತೆನಾರ್ ಎಂಬ ರೈತನ ಮಗ.

ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ

ತೆನಾರ್ ಹುಟ್ಟಿದ್ದು 1777ರ ಮೇ 4ರಂದು, ಫ್ರಾನ್ಸಿನ ಷಾಂಪೇನ್ ಪ್ರದೇಶದ ಲಾ ಲೂಪ್ತಿಯೇರ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಬಡ ಬೇಸಾಯಗಾರ. ಊರ ಪಾದ್ರಿಯಿಂದ ಮೊದಲ ಪಾಠ ಕಲಿತ ಹುಡುಗ ಹದಿಹರೆಯದಲ್ಲೇ ಪ್ಯಾರಿಸ್ ಸೇರಿದ. ಅದು ಕ್ರಾಂತಿಯ ಕಾಲ. ಆಧುನಿಕ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ಲವಾಸಿಯೇಯ ತಲೆಯನ್ನು 1794ರಲ್ಲಿ ಗಿಲೋಟಿನ್ ತೆಗೆದಿತ್ತು. ಅವನ ವಿಚಾರಗಳನ್ನು ಮುಂದುವರಿಸುತ್ತಿದ್ದ ಫೂರ್‌ಕ್ರುವಾ ಮತ್ತು ವೋಕ್ಲಾಂ ಅವರ ಉಪನ್ಯಾಸಗಳಿಗೆ ತೆನಾರ್ ಹೋಗತೊಡಗಿದ.

ಉಪನ್ಯಾಸ ಕೇಳಿದರೆ ರಸಾಯನಶಾಸ್ತ್ರ ಕೈಗೆ ಬರುವುದಿಲ್ಲ, ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕು. ಅದಕ್ಕೆ ಶುಲ್ಕ ಕಟ್ಟಬೇಕು. ತೆನಾರ್ ಬಳಿ ಹಣವಿರಲಿಲ್ಲ. ವೋಕ್ಲಾಂ ಬೇಡವೆನ್ನುವುದರಲ್ಲಿದ್ದಾಗ ಮನೆಯಲ್ಲಿದ್ದ ಅವನ ಅಕ್ಕತಂಗಿಯರು ಹುಡುಗನ ಪರವಾಗಿ ಮಾತಾಡಿದರಂತೆ. ಒಲೆಯ ಮೇಲಿನ ಸಾರು ಉಕ್ಕದಂತೆ ನೋಡಿಕೊಳ್ಳಲು ಒಬ್ಬ ಬೇಕಿತ್ತು, ಈ ಹುಡುಗ ಅದಕ್ಕಾದರೂ ಆದಾನು ಎಂಬುದು ಅವರ ಲೆಕ್ಕ. ಹೀಗೆ ಪಾತ್ರೆ ತೊಳೆಯುತ್ತ, ಒಲೆ ಕಾಯುತ್ತ, ಬಿಡುವಿನಲ್ಲಿ ಗುರುವಿನ ಪ್ರಯೋಗಗಳಿಗೆ ಕೈಜೋಡಿಸುತ್ತ ತೆನಾರ್ ಕಲಿತ. ಫ್ರೆಂಚ್ ವಿಜ್ಞಾನದ ಚರಿತ್ರೆಯಲ್ಲಿ ಈ ಕಥೆ ಬಹಳ ಸಲ ಹೇಳಲ್ಪಟ್ಟಿದೆ.

ಮುಂದಿನ ಏರಿಕೆ ವೇಗವಾಗಿತ್ತು. 1798ರಲ್ಲಿ ಎಕೋಲ್ ಪಾಲಿಟೆಕ್ನಿಕ್‌ನಲ್ಲಿ ಸಹಾಯಕ ಬೋಧಕನಾದ. 1804ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಕಾಲೇಜ್ ದ ಫ್ರಾನ್ಸ್‌ನಲ್ಲಿ ತನ್ನ ಗುರು ವೋಕ್ಲಾಂ ಕುಳಿತಿದ್ದ ಪೀಠದಲ್ಲೇ ಪ್ರಾಧ್ಯಾಪಕನಾಗಿ ಕುಳಿತ.

ನೀಲಿ ಬಣ್ಣ, ಪೊಟ್ಯಾಶಿಯಂ, ಬೋರಾನ್

ತೆನಾರ್‌ಗೆ ಹೆಸರು ತಂದ ಮೊದಲ ಕೆಲಸ ಒಂದು ಬಣ್ಣ. ಆಗ ಚಿತ್ರಕಾರರು ಬಳಸುತ್ತಿದ್ದ ಅತ್ಯುತ್ತಮ ನೀಲಿಯನ್ನು ಅಫ್ಘಾನಿಸ್ತಾನದ ಗಣಿಗಳಿಂದ ಬರುತ್ತಿದ್ದ ಲಾಜವರ್ದ ಕಲ್ಲಿನಿಂದ ತೆಗೆಯುತ್ತಿದ್ದರು. ಅದು ವಿಪರೀತ ದುಬಾರಿ. ಅದಕ್ಕೆ ಬದಲಿ ಹುಡುಕುವಂತೆ ಸಚಿವ ಷಪ್ತಾಲ್ ಕೇಳಿದ. ಸ್ವತಃ ರಸಾಯನ ವಿಜ್ಞಾನಿಯಾಗಿದ್ದವನು ಅವನು. ತೆನಾರ್ ಕೋಬಾಲ್ಟ್ ಲವಣವನ್ನು ಅಲ್ಯೂಮಿನಾದ ಜೊತೆ ಬೆರೆಸಿ ಕಾಸಿದ. ಬಿಸಿಲಿಗೂ ಮಾಸದ ಗಟ್ಟಿ ನೀಲಿ ಸಿಕ್ಕಿತು. ಇಂದಿಗೂ ಕೋಬಾಲ್ಟ್ ಬ್ಲೂ ಎಂಬ ಹೆಸರಿನಲ್ಲಿ ಮಾರಾಟವಾಗುವ ಬಣ್ಣ ಇದೇ. ವ್ಯಾನ್ ಗಾಗ್‌ನಂಥ ಚಿತ್ರಕಾರರು ಮುಂದೆ ಇದನ್ನು ಧಾರಾಳವಾಗಿ ಬಳಸಿದರು.

ಆಮೇಲೆ ತೆನಾರ್ ಮತ್ತು ಗೇ-ಲುಸಾಕ್ ಜೋಡಿಯಾದರು. 1807ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ವಿದ್ಯುತ್ ಹಾಯಿಸಿ ಪೊಟ್ಯಾಶಿಯಂ ಲೋಹವನ್ನು ಬೇರ್ಪಡಿಸಿದ್ದ. ಸಿಕ್ಕಿದ್ದು ಸಣ್ಣ ಸಣ್ಣ ಹನಿ ಮಾತ್ರ. ಪ್ಯಾರಿಸ್‌ನ ಈ ಇಬ್ಬರು ಬಂದೂಕಿನ ನಳಿಕೆಯೊಳಗೆ ಕಬ್ಬಿಣದ ಚೂರುಗಳನ್ನು ಕೆಂಪಗೆ ಕಾಸಿ, ಅದರ ಮೇಲೆ ಪೊಟ್ಯಾಷ್ ಕರಗಿಸಿ ಹರಿಸಿ, ಅದೇ ಲೋಹವನ್ನು ಹೆಚ್ಚು ಪ್ರಮಾಣದಲ್ಲಿ ತೆಗೆದರು. ಆ ಪೊಟ್ಯಾಶಿಯಂ ಜೊತೆ ಬೋರಿಕ್ ಆಮ್ಲವನ್ನು ಕಾಸಿ 1808ರಲ್ಲಿ ಬೋರಾನ್ ಎಂಬ ಮೂಲವಸ್ತುವನ್ನು ಪಡೆದರು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಡೇವಿಯೂ ಅದನ್ನು ಕಂಡಿದ್ದ. ಈ ಕೆಲಸಕ್ಕೆ ಬೆಲೆಯನ್ನೂ ತೆರಬೇಕಾಯಿತು. ಪೊಟ್ಯಾಶಿಯಂ ಸ್ಫೋಟಗೊಂಡು ಗೇ-ಲುಸಾಕ್ ಕೆಲಕಾಲ ಕಣ್ಣು ಕಾಣದಂತಾಗಿದ್ದ.

ನೀರಿಗೆ ಇನ್ನೊಂದು ಆಕ್ಸಿಜನ್

1818ರಲ್ಲಿ ತೆನಾರ್ ಬೇರಿಯಂ ಪೆರಾಕ್ಸೈಡ್ ಎಂಬ ಪುಡಿಯನ್ನು ತಣ್ಣನೆಯ ಆಮ್ಲದಲ್ಲಿ ಕರಗಿಸುತ್ತಿದ್ದ. ಬಿಸಿ ಮಾಡಿದರೆ ಆಕ್ಸಿಜನ್ ಹೊರಬರಬೇಕು. ತಣ್ಣಗಿಟ್ಟಾಗ ಅದು ಹೊರಬರದೆ ದ್ರವದಲ್ಲೇ ಉಳಿಯಿತು. ಆಮ್ಲವೇ ಹೆಚ್ಚುವರಿ ಆಕ್ಸಿಜನ್ ಹೀರಿಕೊಂಡಿದೆ, ಹೊಸ ಬಗೆಯ ಆಮ್ಲಗಳು ಸಿಕ್ಕಿವೆ ಎಂದು ಅವನು ಮೊದಲು ಭಾವಿಸಿ ಹಾಗೆಂದೇ ಪ್ರಕಟಿಸಿದ.

ಆದರೆ ಅಲ್ಲಿಗೆ ನಿಲ್ಲಲಿಲ್ಲ. ಗಂಧಕಾಮ್ಲ ಹಾಕಿ ಬೇರಿಯಂ ತೆಗೆದ. ಬೆಳ್ಳಿಯ ಲವಣ ಹಾಕಿ ಕ್ಲೋರೈಡ್ ತೆಗೆದ. ಒಂದೊಂದಾಗಿ ಎಲ್ಲವನ್ನೂ ತೆಗೆದ ಮೇಲೂ ಆ ಹೆಚ್ಚುವರಿ ಆಕ್ಸಿಜನ್ ದ್ರವದಲ್ಲಿ ಉಳಿದೇ ಇತ್ತು. ಆಮ್ಲ ಹೋದ ಮೇಲೂ ಆಕ್ಸಿಜನ್ ಇದೆ ಎಂದರೆ ಅದನ್ನು ಹಿಡಿದಿಟ್ಟುಕೊಂಡಿರುವುದು ನೀರು. ತೆನಾರ್ ತನ್ನ ಮೊದಲ ವಿವರಣೆಯನ್ನು ತಾನೇ ಬದಲಿಸಿದ. ಹೊಸ ದ್ರವಕ್ಕೆ ಆಕ್ಸಿಜನ್ ತುಂಬಿದ ನೀರು ಎಂಬರ್ಥದ ಹೆಸರಿಟ್ಟ. ಫ್ರೆಂಚರು ಇಂದಿಗೂ ಅದನ್ನು ಹಾಗೆಯೇ ಕರೆಯುತ್ತಾರೆ.

ನೀರಿನ ಅಣುವಿನಲ್ಲಿ ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಪೆರಾಕ್ಸೈಡಿನಲ್ಲಿ ಎರಡು ಹೈಡ್ರೋಜನ್, ಎರಡು ಆಕ್ಸಿಜನ್. ಆ ಎರಡು ಆಕ್ಸಿಜನ್‌ಗಳ ನಡುವಿನ ಬಂಧ ದುರ್ಬಲ. ಅದು ಸುಲಭವಾಗಿ ಮುರಿಯುತ್ತದೆ. ತೆನಾರ್ ಗಾಳಿ ತೆಗೆದ ಪಾತ್ರೆಯಲ್ಲಿಟ್ಟು ನೀರಿನಂಶವನ್ನು ಆರಿಸುತ್ತ ದ್ರವವನ್ನು ಗಟ್ಟಿ ಮಾಡಿದ. ಕೊನೆಗೆ ಸಿಕ್ಕಿದ್ದು ನೀರಿಗಿಂತ ಸುಮಾರು 1.45 ಪಟ್ಟು ಭಾರದ, ಚರ್ಮಕ್ಕೆ ತಾಗಿದರೆ ಬಿಳಿ ಕಲೆ ಬಿದ್ದು ಚುರುಗುಟ್ಟುವ ದ್ರವ. ಅದು ಪೂರ್ತಿ ವಿಭಜನೆಯಾದರೆ ತನ್ನ ಗಾತ್ರದ ಸುಮಾರು 475 ಪಟ್ಟು ಆಕ್ಸಿಜನ್ ಅನಿಲ ಹೊಮ್ಮುತ್ತದೆ.

ಬಾಟಲಿಯ ಮೇಲೆ ‘20 ವಾಲ್ಯೂಮ್’ ಎಂದು ಬರೆದಿರುವುದನ್ನು ನೀವು ಗಮನಿಸಿರಬಹುದು. ಅದೂ ಇದೇ ಲೆಕ್ಕ. ಒಂದು ಮಿಲಿಲೀಟರ್ ದ್ರವದಿಂದ 20 ಮಿಲಿಲೀಟರ್ ಆಕ್ಸಿಜನ್ ಬರುತ್ತದೆ ಎಂದರ್ಥ. ಅದು ಸುಮಾರು ಶೇ 6ರ ದ್ರಾವಣ. ಶೇ 3ರದ್ದಾದರೆ 10 ವಾಲ್ಯೂಮ್.

ಇದಕ್ಕೊಂದು ಉಪಯೋಗವನ್ನೂ ತೆನಾರ್ ಕಂಡುಕೊಂಡ. ಹಳೆಯ ಚಿತ್ರಗಳಲ್ಲಿನ ಸೀಸದ ಬಿಳಿ ಬಣ್ಣ ಗಾಳಿಯಲ್ಲಿನ ಗಂಧಕದ ಅನಿಲದಿಂದ ಕಪ್ಪಾಗುತ್ತದೆ. ಅದು ಲೆಡ್ ಸಲ್ಫೈಡ್. ಪೆರಾಕ್ಸೈಡ್ ಸವರಿದರೆ ಅದು ಬಿಳಿಯ ಲೆಡ್ ಸಲ್ಫೇಟ್ ಆಗುತ್ತದೆ. ಕಪ್ಪಾಗಿದ್ದ ಚಿತ್ರ ಮತ್ತೆ ಬೆಳಗುತ್ತದೆ.

ಮುಟ್ಟಿದರೆ ಸಾಕು

ತೆನಾರ್‌ನ ನಿಜವಾದ ಕಾಣ್ಕೆ ಇದರ ನಂತರದ್ದು. ಪೆರಾಕ್ಸೈಡಿಗೆ ಅವನು ಒಂದೊಂದೇ ವಸ್ತುವನ್ನು ಹಾಕಿ ನೋಡುತ್ತ ಹೋದ. ಬೆಳ್ಳಿ, ಚಿನ್ನ, ಪ್ಲಾಟಿನಂಗಳ ನಯವಾದ ಪುಡಿ ಹಾಕಿದರೆ ದ್ರವ ಭರ್ರನೆ ಉಕ್ಕಿ ಆಕ್ಸಿಜನ್ ಹೊಮ್ಮುತ್ತಿತ್ತು. ಮ್ಯಾಂಗನೀಸ್ ಡೈಆಕ್ಸೈಡ್ ಹಾಕಿದರೂ ಹಾಗೆಯೇ. ಕ್ರಿಯೆ ಮುಗಿದ ಮೇಲೆ ನೋಡಿದರೆ ಬೆಳ್ಳಿ ಬೆಳ್ಳಿಯಾಗಿಯೇ, ಪ್ಲಾಟಿನಂ ಪ್ಲಾಟಿನಂ ಆಗಿಯೇ ಉಳಿದಿತ್ತು. ಏನೂ ಕಳೆದುಕೊಳ್ಳದೆ ಇನ್ನೊಂದು ವಸ್ತುವನ್ನು ಒಡೆಯುವುದು ಹೇಗೆ ಸಾಧ್ಯ?

ಅದಕ್ಕಿಂತ ಅಚ್ಚರಿಯ ಸಂಗತಿಯೂ ಕಂಡಿತು. ರಕ್ತದಿಂದ ತೆಗೆದ ಫೈಬ್ರಿನ್ ಎಂಬ ನಾರಿನಂಥ ಪದಾರ್ಥವೂ ಇದೇ ಕೆಲಸ ಮಾಡುತ್ತಿತ್ತು. ಲೋಹಕ್ಕೂ ಜೀವಿಯ ದೇಹದ ಪದಾರ್ಥಕ್ಕೂ ಒಂದೇ ಗುಣ! ದೇಹದೊಳಗೂ ಇಂಥ ಕ್ರಿಯೆಗಳು ನಡೆಯುತ್ತಿರಬಹುದು ಎಂಬ ಆಲೋಚನೆಗೆ ಇದು ದಾರಿ ಮಾಡಿತು. ಸ್ವೀಡನ್ನಿನ ಬರ್ಜೀಲಿಯಸ್ 1835ರಲ್ಲಿ ಇಂಥ ಕ್ರಿಯೆಗಳನ್ನೆಲ್ಲ ಒಟ್ಟುಗೂಡಿಸಿ ಅವಕ್ಕೆ ‘ಕೆಟಾಲಿಸಿಸ್’ ಎಂದು ಹೆಸರಿಟ್ಟಾಗ ತೆನಾರ್‌ನ ಪೆರಾಕ್ಸೈಡ್ ಪ್ರಯೋಗವೂ ಅವನ ಉದಾಹರಣೆಗಳಲ್ಲಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ವೇಗವರ್ಧಕ, ಕ್ರಿಯಾವರ್ಧಕ ಎಂದು ಓದುವುದು ಇದನ್ನೇ.

ಈಗ ಗಾಯದ ನೊರೆಗೆ ಬರೋಣ. ನಮ್ಮ ರಕ್ತದಲ್ಲಿ, ಜೀವಕೋಶಗಳಲ್ಲಿ ಕೆಟಲೇಸ್ ಎಂಬ ಕಿಣ್ವವಿದೆ. ಅದರ ಒಡಲಿನಲ್ಲಿರುವುದು ಕಬ್ಬಿಣದ ಪರಮಾಣು. ಅಂದರೆ ಇಲ್ಲಿಯೂ ಕೆಲಸ ಮಾಡುವುದು ಲೋಹವೇ. ಗಾಯದಲ್ಲಿ ಒಡೆದ ಕೋಶಗಳಿಂದ ಹೊರಬಂದ ಕೆಟಲೇಸ್ ಪೆರಾಕ್ಸೈಡನ್ನು ನೀರು ಮತ್ತು ಆಕ್ಸಿಜನ್ ಆಗಿ ಒಡೆಯುತ್ತದೆ. ಆ ಆಕ್ಸಿಜನ್ ಗುಳ್ಳೆಗಳೇ ನೊರೆ. ಕ್ರಿಮಿಯೇ ಇಲ್ಲದ ಶುದ್ಧ ರಕ್ತದ ಮೇಲೆ ಹಾಕಿದರೂ ನೊರೆ ಬರುತ್ತದೆ. ಹಸಿ ಆಲೂಗಡ್ಡೆಯ ಹೋಳಿನ ಮೇಲೆ ಹಾಕಿದರೂ ಬರುತ್ತದೆ. ಹಾಗಾಗಿ ನೊರೆ ಕ್ರಿಮಿಗಳ ಸಾವಿನ ಗುರುತಲ್ಲ. ಪೆರಾಕ್ಸೈಡಿಗೆ ಕ್ರಿಮಿ ಕೊಲ್ಲುವ ಶಕ್ತಿ ಇದೆ, ನಿಜ. ಆದರೆ ಅದು ಗಾಯ ಮಾಯಿಸಬೇಕಾದ ನಮ್ಮದೇ ಕೋಶಗಳನ್ನೂ ಘಾಸಿ ಮಾಡುತ್ತದೆ. ಆದ್ದರಿಂದಲೇ ಮನೆಯಲ್ಲಾಗುವ ಸಣ್ಣಪುಟ್ಟ ಗಾಯಗಳಿಗೆ ಹರಿಯುವ ಶುದ್ಧ ನೀರು, ಸುತ್ತಲಿನ ಚರ್ಮಕ್ಕೆ ಸೋಪು ಸಾಕು ಎಂದು ವೈದ್ಯರು ಹೇಳುವುದು. ಆಳವಾದ ಗಾಯದೊಳಗೆ ಪೆರಾಕ್ಸೈಡ್ ಸುರಿಯಲೇಬಾರದು. ಅಲ್ಲಿ ಹುಟ್ಟುವ ಅನಿಲ ರಕ್ತನಾಳ ಸೇರುವ ಅಪಾಯವಿದೆ.

ಪೋಲಾಗುವ ಆಕ್ಸಿಜನ್ ಕೆಲಸಕ್ಕೆ ಬಂದದ್ದು

ತೆನಾರ್‌ನ ಪಾತ್ರೆಯಲ್ಲಿ ಆಕ್ಸಿಜನ್ ಗುಳ್ಳೆಯಾಗಿ ಹಾರಿಹೋಗುತ್ತಿತ್ತು. ಅದನ್ನು ಹಾರಲು ಬಿಡದೆ ಬೇರೊಂದು ವಸ್ತುವಿಗೆ ದಾಟಿಸಲು ಸಾಧ್ಯವೇ? ಈ ಪ್ರಶ್ನೆಗೆ ದಾರಿ ತೋರಿಸಿದವನು ಇಂಗ್ಲೆಂಡಿನ ಹೆನ್ರಿ ಫೆಂಟನ್. ಕೇಂಬ್ರಿಡ್ಜ್‌ನಲ್ಲಿ ಓದುತ್ತಿದ್ದಾಗ, 1876ರಲ್ಲಿ, ಟಾರ್ಟಾರಿಕ್ ಆಮ್ಲಕ್ಕೆ ಪೆರಾಕ್ಸೈಡ್ ಮತ್ತು ಚೂರು ಕಬ್ಬಿಣದ ಲವಣ ಸೇರಿಸಿ, ಆಮೇಲೆ ಕ್ಷಾರ ಹಾಕಿದರೆ ಗಾಢ ನೇರಳೆ ಬಣ್ಣ ಬರುವುದನ್ನು ಅವನು ಕಂಡ. 1894ರಲ್ಲಿ ಅದರ ವಿವರವಾದ ಪ್ರಬಂಧ ಪ್ರಕಟಿಸಿದ. ಟಾರ್ಟಾರಿಕ್ ಆಮ್ಲ ನಮಗೆ ಹೊಸದಲ್ಲ, ಹುಣಸೆಹಣ್ಣಿನ ಹುಳಿ ಮುಖ್ಯವಾಗಿ ಅದರದೇ. ಅದರ ಅಣುವಿನಲ್ಲಿ ಎರಡು ಆಲ್ಕೋಹಾಲ್ ಗುಂಪುಗಳಿವೆ. ಕಬ್ಬಿಣದ ನೆರವಿನಿಂದ ಪೆರಾಕ್ಸೈಡ್ ಆ ಜಾಗದ ಹೈಡ್ರೋಜನ್‌ಗಳನ್ನು ಕಿತ್ತುಕೊಂಡಿತ್ತು. ಇದಕ್ಕೆ ಉತ್ಕರ್ಷಣ ಎಂದು ಹೆಸರು.

ಆಲ್ಕೋಹಾಲ್ ಎಂದರೆ ಹೆಂಡ, ಸಾರಾಯಿ ಮಾತ್ರವಲ್ಲ. ಪುದೀನಾದಲ್ಲಿರುವ ಮೆಂಥಾಲ್, ಸೋಪಿನ ತಯಾರಿಕೆಯಲ್ಲಿ ಸಿಗುವ ಗ್ಲಿಸರಿನ್ ಕೂಡ ರಸಾಯನಶಾಸ್ತ್ರದ ಪ್ರಕಾರ ಆಲ್ಕೋಹಾಲ್‌ಗಳೇ. ಇವುಗಳನ್ನು ಉತ್ಕರ್ಷಿಸಿದರೆ ಆಲ್ಡಿಹೈಡ್, ಕೀಟೋನ್, ಆಮ್ಲಗಳು ಸಿಗುತ್ತವೆ. ಔಷಧ, ಸುಗಂಧದ್ರವ್ಯ, ಪ್ಲಾಸ್ಟಿಕ್‌ಗಳ ತಯಾರಿಕೆಯಲ್ಲಿ ಇವು ಬೇಕೇ ಬೇಕು. ಬಹಳ ಕಾಲ ಈ ಕೆಲಸಕ್ಕೆ ಕ್ರೋಮಿಯಂ ಸಂಯುಕ್ತಗಳನ್ನು ಬಳಸುತ್ತಿದ್ದರು. ಅವುಗಳಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಕೆಲಸ ಮುಗಿದ ಮೇಲೆ ಉಳಿಯುವ ಕ್ರೋಮಿಯಂ ಕೆಸರನ್ನು ಎಲ್ಲಿ ಹಾಕುವುದು ಎಂಬುದು ದೊಡ್ಡ ತಲೆನೋವು.

ಪೆರಾಕ್ಸೈಡ್ ಬಳಸಿದರೆ ಉಳಿಯುವ ತ್ಯಾಜ್ಯ ನೀರು ಮಾತ್ರ. ತೊಡಕೇನೆಂದರೆ, ಲೋಹವಿಲ್ಲದೆ ಪೆರಾಕ್ಸೈಡ್ ಆಲ್ಕೋಹಾಲನ್ನು ಅಷ್ಟಾಗಿ ಮುಟ್ಟುವುದಿಲ್ಲ. ತಪ್ಪು ಲೋಹ ಹಾಕಿದರೆ ತೆನಾರ್ ಕಂಡಂತೆ ಎಲ್ಲವೂ ಗುಳ್ಳೆಯಾಗಿ ಪೋಲು. ಕಬ್ಬಿಣ ಹಾಕಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಪುಂಡ ತುಣುಕು ಹುಟ್ಟಿ, ಬೇಕಾದ್ದು ಬೇಡವಾದ್ದು ಎನ್ನದೆ ಸಿಕ್ಕಿದ್ದನ್ನೆಲ್ಲ ಹರಿದುಹಾಕುತ್ತದೆ. ಕಾರ್ಖಾನೆಯ ಕೊಳಕು ನೀರು ಶುದ್ಧೀಕರಿಸಲು ಅದು ಒಳ್ಳೆಯದೇ. ಫೆಂಟನ್ ಹೆಸರಿನ ಆ ವಿಧಾನ ಇಂದಿಗೂ ಬಳಕೆಯಲ್ಲಿದೆ. ಆದರೆ ಒಂದು ನಿರ್ದಿಷ್ಟ ಔಷಧದ ಅಣು ತಯಾರಿಸಲು ಅದು ಒಗ್ಗುವುದಿಲ್ಲ.

ಇದಕ್ಕೊಂದು ಒಳ್ಳೆಯ ಪರಿಹಾರ ಬಂದದ್ದು 1990ರ ದಶಕದಲ್ಲಿ, ಜಪಾನಿನ ರ್ಯೋಜಿ ನೊಯೊರಿ ಮತ್ತು ಸಂಗಡಿಗರಿಂದ. ಅವರು ಟಂಗ್‌ಸ್ಟನ್ ಲೋಹದ ಲವಣವನ್ನು ಆರಿಸಿಕೊಂಡರು. ಇದು ಪೆರಾಕ್ಸೈಡನ್ನು ಸುಮ್ಮನೆ ಒಡೆಯುವುದಿಲ್ಲ. ಅದರ ಆಕ್ಸಿಜನ್ ಜೋಡಿಯನ್ನು ತನ್ನ ಮೈಗೆ ಅಂಟಿಸಿಕೊಂಡು, ಆಲ್ಕೋಹಾಲ್ ಬಳಿ ಬಂದಾಗ ಅದರಿಂದ ಹೈಡ್ರೋಜನ್ ಕೀಳುತ್ತದೆ. ನೀರು ಮತ್ತು ಎಣ್ಣೆಯಂತೆ ಬೇರೆಬೇರೆಯಾಗಿ ನಿಲ್ಲುವ ಪೆರಾಕ್ಸೈಡ್ ಮತ್ತು ಆಲ್ಕೋಹಾಲ್ ಪದರಗಳ ನಡುವೆ ಓಡಾಡಲು ಸೋಪಿನಂಥ ಇನ್ನೊಂದು ಲವಣ ನೆರವಾಗುತ್ತದೆ. ಶೇ 30ರ ಪೆರಾಕ್ಸೈಡ್ ಸಾಕು, ಬೆಂಕಿ ಹತ್ತುವ ದ್ರಾವಕಗಳು ಬೇಡ. ಇಂದು ಹಸಿರು ರಸಾಯನಶಾಸ್ತ್ರದ ಪಾಠದಲ್ಲಿ ಈ ಉದಾಹರಣೆ ಬಂದೇ ಬರುತ್ತದೆ. ಲೋಹ ಮುಟ್ಟಿದಾಗ ಆಕ್ಸಿಜನ್ ಎತ್ತ ಹೋಗಬೇಕು ಎಂದು ನಿರ್ಧರಿಸುವ ಕಲೆ ಕೈಗೆ ಬರಲು ತೆನಾರ್‌ನಿಂದ ಮುಂದೆ ಸುಮಾರು 180 ವರ್ಷ ಬೇಕಾಯಿತು.

ಇದೇ ಕೆಲಸವನ್ನು ನಮ್ಮ ದೇಹ ಮೊದಲಿನಿಂದಲೂ ಮಾಡುತ್ತಿದೆ. ಕುಡಿದ ಆಲ್ಕೋಹಾಲಿನ ಬಹುಪಾಲನ್ನು ಯಕೃತ್ತಿನ ಬೇರೊಂದು ಕಿಣ್ವ ನಿಭಾಯಿಸುತ್ತದೆ. ಒಂದು ಸಣ್ಣ ಪಾಲನ್ನು ಮಾತ್ರ ಅದೇ ಕೆಟಲೇಸ್, ಕೋಶದೊಳಗೆ ಹುಟ್ಟುವ ಪೆರಾಕ್ಸೈಡ್ ಬಳಸಿಕೊಂಡು, ಅಸಿಟಾಲ್ಡಿಹೈಡ್ ಆಗಿ ಬದಲಿಸುತ್ತದೆ.

ಲೋಟ ಬದಲಾದ ದಿನ

ತೆನಾರ್ ಹೆಸರಾಂತ ಬೋಧಕ. ಅವನು ನಾಲ್ಕು ಸಂಪುಟಗಳಲ್ಲಿ ಬರೆದ ರಸಾಯನಶಾಸ್ತ್ರದ ಪಠ್ಯಪುಸ್ತಕ ಯುರೋಪಿನಲ್ಲಿ ದಶಕಗಳ ಕಾಲ ಓದಲ್ಪಟ್ಟಿತು. ಉಪನ್ಯಾಸದ ಮೇಜಿನ ಮೇಲೆ ಪ್ರಯೋಗ ಮಾಡಿ ತೋರಿಸುತ್ತಲೇ ಪಾಠ ಹೇಳುವುದು ಅವನ ರೂಢಿ. ಹಾಗೊಂದು ದಿನ ಪಾಠದ ನಡುವೆ ಬಾಯಾರಿ, ನೀರೆಂದುಕೊಂಡು ಪಕ್ಕದ ಲೋಟ ಎತ್ತಿ ಕುಡಿದ. ಅದರಲ್ಲಿದ್ದದ್ದು ಮರ್ಕ್ಯುರಿಕ್ ಕ್ಲೋರೈಡ್ ದ್ರಾವಣ, ಪಾದರಸದ ಘೋರ ವಿಷ.

ಅವನು ಗಾಬರಿಯಾಗಲಿಲ್ಲ. ತಾನು ವಿಷ ಕುಡಿದಿರುವುದಾಗಿ ವಿದ್ಯಾರ್ಥಿಗಳಿಗೆ ಶಾಂತವಾಗಿಯೇ ತಿಳಿಸಿ, ಕೂಡಲೇ ಮೊಟ್ಟೆ ತರುವಂತೆ ಹೇಳಿದ. ಮೊಟ್ಟೆಯ ಬಿಳಿಭಾಗದ ಪ್ರೋಟೀನ್ ಪಾದರಸಕ್ಕೆ ಅಂಟಿ ಅದನ್ನು ಕರಗದಂತೆ ಮಾಡುತ್ತದೆ ಎಂಬುದನ್ನು ಆ ಕಾಲದ ವಿಷಶಾಸ್ತ್ರಜ್ಞ ಆರ್ಫಿಲಾ ತೋರಿಸಿಕೊಟ್ಟಿದ್ದ. ವಿದ್ಯಾರ್ಥಿಗಳು ಸುತ್ತಲಿನ ಅಂಗಡಿ, ಮನೆಗಳಿಗೆ ಓಡಿ ಮೊಟ್ಟೆಗಳನ್ನು ತಂದರು. ವೈದ್ಯರೂ ಬಂದರು. ತೆನಾರ್ ಬದುಕಿ ಉಳಿದ.

ಇಲ್ಲಿ ಮೊಟ್ಟೆಯನ್ನು ಮನೆಮದ್ದೆಂದು ನೆನಪಿಟ್ಟುಕೊಳ್ಳಬೇಡಿ. ವಿಷ ಹೊಟ್ಟೆಗೆ ಹೋದರೆ ಇಂದು ಮಾಡಬೇಕಾದ್ದು ಒಂದೇ: ಬಾಟಲಿಯ ಸಮೇತ ತಕ್ಷಣ ಆಸ್ಪತ್ರೆಗೆ ಹೋಗುವುದು. ನೆನಪಿಡಬೇಕಾದ್ದು ಲೋಟವನ್ನು. ಯುರೋಪಿನ ಶ್ರೇಷ್ಠ ರಸಾಯನ ವಿಜ್ಞಾನಿಗಳಲ್ಲಿ ಒಬ್ಬನಾದವನೂ ಬಣ್ಣವಿಲ್ಲದ ಎರಡು ದ್ರವಗಳನ್ನು ಕಣ್ಣಿನಿಂದ ಬೇರೆ ಮಾಡಲಾರದೆ ಹೋದ. ಹೀಗಿರುವಾಗ ನೀರಿನ ಬಾಟಲಿಯಲ್ಲಿ ಆಸಿಡ್, ಫಿನೈಲ್, ಪೆರಾಕ್ಸೈಡ್ ತುಂಬಿಟ್ಟರೆ ಮನೆಯ ಮಗು ಗುರುತಿಸುತ್ತದೆಂದು ನಂಬುವುದು ಹೇಗೆ?

ಪೆರಾಕ್ಸೈಡ್ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ಶೇ 35ರ ದ್ರಾವಣವನ್ನು ‘ಫುಡ್ ಗ್ರೇಡ್’ ಎಂಬ ಹೆಸರಿನಲ್ಲಿ ನೀರಿಗೆ ಹನಿ ಹಾಕಿ ಕುಡಿದರೆ ದೇಹಕ್ಕೆ ಆಕ್ಸಿಜನ್ ಸಿಗುತ್ತದೆ, ಕ್ಯಾನ್ಸರ್ ಕೂಡ ಗುಣವಾಗುತ್ತದೆ ಎಂಬ ಪ್ರಚಾರವಿದೆ. ಇದಕ್ಕೆ ಆಧಾರವಿಲ್ಲ. ನಮಗೆ ಬೇಕಾದ ಆಕ್ಸಿಜನ್ ಶ್ವಾಸಕೋಶದಿಂದ ಬರುತ್ತದೆ, ಹೊಟ್ಟೆಯಿಂದಲ್ಲ. ಶೇ 35ರ ದ್ರಾವಣ ತನ್ನ ಗಾತ್ರದ ಸುಮಾರು 130 ಪಟ್ಟು ಅನಿಲ ಹೊಮ್ಮಿಸುತ್ತದೆ. ಹೊಟ್ಟೆಯ ಒಳಪದರದಲ್ಲೂ ಕೆಟಲೇಸ್ ಇದೆ. ಒಂದೆರಡು ಗುಟುಕು ಹಾಗೇ ಒಳಗೆ ಹೋದರೆ ಗಂಟಲು, ಜಠರ ಸುಡುವುದಲ್ಲದೆ ಅನಿಲದ ಗುಳ್ಳೆ ರಕ್ತನಾಳಕ್ಕೆ ನುಗ್ಗಿ ಮಿದುಳಿಗೆ ಹೋಗುವ ರಕ್ತವನ್ನೇ ತಡೆಯಬಹುದು. ಹೀಗಾಗಿ ಸಾವುಗಳೂ ಸಂಭವಿಸಿವೆ.

ಕೊನೆಯ ವರ್ಷ

ರೈತನ ಮಗನಿಗೆ 1825ರಲ್ಲಿ ಬ್ಯಾರನ್ ಪದವಿ ಬಂತು. 1832ರಲ್ಲಿ ಫ್ರಾನ್ಸಿನ ಮೇಲ್ಮನೆಯ ಸದಸ್ಯನಾದ. ಆದರೂ ಶುಲ್ಕ ಕಟ್ಟಲಾಗದೆ ಗುರುವಿನ ಬಾಗಿಲಲ್ಲಿ ನಿಂತ ದಿನಗಳನ್ನು ಅವನು ಮರೆತಂತಿರಲಿಲ್ಲ. ಕಷ್ಟದಲ್ಲಿರುವ ವಿಜ್ಞಾನಿಗಳಿಗೆ, ಅವರು ತೀರಿಕೊಂಡರೆ ಕುಟುಂಬದವರಿಗೆ ನೆರವಾಗಲು 1857ರಲ್ಲಿ ಒಂದು ಸಂಘ ಕಟ್ಟಿದ. ಅದೇ ವರ್ಷ ಜೂನ್ 21ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್‌ನಲ್ಲಿ ತೀರಿಕೊಂಡ. ಅವನ ಹಳ್ಳಿಗೆ ಈಗ ಲಾ ಲೂಪ್ತಿಯೇರ್-ತೆನಾರ್ ಎಂದೇ ಹೆಸರು. ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವನದೂ ಒಂದು.

ಅವನ ಕೆಲಸ ಮಾತ್ರ ಇನ್ನೂ ಹತ್ತಿರದಲ್ಲಿದೆ. ಕಾಂಟ್ಯಾಕ್ಟ್ ಲೆನ್ಸ್ ತೊಳೆಯುವ ಕೆಲವು ಡಬ್ಬಿಗಳ ತಳದಲ್ಲಿ ಪ್ಲಾಟಿನಂ ಲೇಪಿಸಿದ ಬಿಲ್ಲೆ ಇರುತ್ತದೆ. ಪೆರಾಕ್ಸೈಡ್ ಕ್ರಿಮಿಗಳನ್ನು ಕೊಂದ ಮೇಲೆ, ಕೆಲವು ಗಂಟೆಗಳಲ್ಲಿ ಅದನ್ನು ಬರೀ ನೀರು ಮಾಡುವುದು ಆ ಬಿಲ್ಲೆ. ಸೋಯೂಜ್ ರಾಕೆಟ್ಟಿನ ಇಂಧನ ಪಂಪುಗಳನ್ನು ತಿರುಗಿಸುವ ಆವಿ ಹುಟ್ಟುವುದೂ ವೇಗವರ್ಧಕದ ಮೇಲೆ ಹರಿಯುವ ಪೆರಾಕ್ಸೈಡಿನಿಂದ. ಎರಡು ಕಡೆಯೂ ನಡೆಯುವುದು 1818ರಲ್ಲಿ ತೆನಾರ್ ಕಂಡ ಅದೇ ಕ್ರಿಯೆ.